ಏಡಿಯ ರಕ್ತದ ಬಣ್ಣ

ನಾನು ಏಳನೇ ತರಗತಿಯಲ್ಲಿದ್ದಾಗ ನಿಜ ಹೇಳಿದ್ದಕ್ಕೆ ವಿಜ್ಞಾನದ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇವತ್ತು ನಂಜನಗೂಡಿನ ಸಂತೆಯಲ್ಲಿ ಏಡಿಯ ಕೆಸರುವಾಸನೆ ಮೂಗಿಗೆ ಬಡಿದಾಗ ಅದೆಲ್ಲ ಮತ್ತೆ ಎದ್ದು ಬಂತು.

ಹೆಮ್ಮರಗಾಲದ ಗದ್ದೆಯಲ್ಲಿ ಹಿಡಿದ ಏಡಿಯ ಕಾಲುಗಳನ್ನು ಸಾರಿಗೆ ಕುಟ್ಟುವ ಮೊದಲು ಅವ್ವ ಬಿಳಿ ಪಿಂಗಾಣಿ ಬಟ್ಟಲಲ್ಲಿ ಮುರಿದಿಡುತ್ತಿದ್ದಳು. ಸೋರಿದ ನೀರಿನಂಥ ರಸ ಗಾಳಿ ತಾಗಿ ನಿಧಾನಕ್ಕೆ ನೀಲಿಯಾಗುತ್ತಿತ್ತು. "ಅದೇ ಅದ್ರ ರಕ್ತ ಕಣವ್ವ," ಅನ್ನುತ್ತಿದ್ದಳು.

ತರಗತಿಯಲ್ಲಿ ಅದನ್ನೇ ಹೇಳಿದೆ. "ನಿಮ್ಮವ್ವ ಯಾವ ಕಾಲೇಜಲ್ಲಿ ಓದವ್ಳೆ? ಏಡಿ ತಿಂದೂ ತಿಂದೂ ನಿಮ್ ಬುದ್ಧೀನೂ ಅಡ್ಡಡ್ಡ ಓಯ್ತದೆ," ಎಂದ ಮೇಷ್ಟ್ರು, 'ರಕ್ತವೆಲ್ಲ ಕೆಂಪು' ಎಂದು ನೂರು ಸಲ ಬರೆಯಲು ಹೇಳಿದರು.

"ಏನವ್ವ ಅಷ್ಟೊಂದು ಬರೀತಿದ್ದೀಯೆ?" ಎಂದಳು ಅಕ್ಷರ ಬಾರದ ಅವ್ವ. "ಪಾಠ," ಎಂದೆ. ಅವಳನ್ನು ಸುಳ್ಳಿ ಮಾಡಿದ ಸಾಲುಗಳನ್ನು ಅವಳು ಪಕ್ಕದಲ್ಲೇ ಕೂತು ಹೆಮ್ಮೆಯಿಂದ ನೋಡಿದಳು.

ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಿರುವ ಹಿಮೋಗ್ಲೋಬಿನ್. ಏಡಿಯಲ್ಲಿ ಆ ಕೆಲಸ ತಾಮ್ರವಿರುವ ಹಿಮೋಸಯನಿನ್‌ನದು. ಆಮ್ಲಜನಕ ಸೇರಿದರೆ ಅದು ನೀಲಿ.

ಮೇಷ್ಟ್ರೇ, ಈ ಭಾನುವಾರ ತಿ. ನರಸೀಪುರದಲ್ಲಿ ನಿಮಗೆ ಸನ್ಮಾನವಂತೆ. ಏಡಿ, ಅವ್ವನ ಬಿಳಿ ಬಟ್ಟಲು ಎರಡನ್ನೂ ತಂದು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಹಾರಕ್ಕೆ ಕತ್ತು ಬಗ್ಗಿಸುವ ಮೊದಲು ಮೈಕಿನಲ್ಲಿ ಹೇಳಿ: ನನ್ನವ್ವ ಹೇಳಿದ್ದು ನಿಜವೋ, ಸುಳ್ಳೋ?