ನಲವತ್ತು ಚೀಲಗಳ ಉಡಿ

ಯಂಕವ್ವನಿಗೆ ಹೊಲಿಗೆ ಬಂದದ್ದು ಹಳೆ ಸೀರೆಗಳ ಕೌದಿ ಹೊಲಿದು. ಯಾದಗಿರಿ ಕಡೆಯ ಅವಳ ಅವ್ವ, ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಐದು ಕಾಳು ಜೋಳ ಒಳಗಿಡುತ್ತಿದ್ದಳು. ಮನೆಯಿಂದ ಹೊರಡುವ ಹೆಣ್ಣುಮಗಳಿಗೆ ಸೆರಗಿನಲ್ಲಿ ಕಾಳು ಹಾಕಿ ಉಡಿ ತುಂಬುವಂತೆ ಕೌದಿಗೂ ತುಂಬಬೇಕು ಎಂಬುದು ಅವಳ ನಂಬಿಕೆ.

ಗಂಡನ ಜೊತೆ ಗಾರೆ ಕೆಲಸಕ್ಕೆಂದು ಪುಣೆಗೆ ಬಂದ ಯಂಕವ್ವ, ಸೊಂಟ ಕೈಕೊಟ್ಟ ಮೇಲೆ ಖಡಕಿಯ ಹತ್ತಿರ ಶಿವಪ್ರಕಾಶರ ಹೊಲಿಗೆ ಕಾರ್ಖಾನೆ ಸೇರಿದಳು. ಸೈನ್ಯದ ಪ್ಯಾರಾಚೂಟ್ ಮಡಚಿಡುವ ಚೀಲ ಮೊದಲು ಹೊರದೇಶದಿಂದ ಬರುತ್ತಿತ್ತು. ಈಗ ಇಲ್ಲಿಯದೇ ಬಟ್ಟೆ, ಇಲ್ಲಿಯದೇ ದಾರ. ಮೂರು ವರ್ಷ ಕಾಗದಪತ್ರ ಓಡಾಡಿದ ಮೇಲೆ ಸೈನ್ಯದವರು ಪರೀಕ್ಷೆಗೆಂದು ನಲವತ್ತು ಚೀಲ ಕೇಳಿದ್ದರು. ಪಾಸಾದರೆ ವರ್ಷಗಟ್ಟಲೆ ಕೆಲಸ, ಇಲ್ಲದಿದ್ದರೆ ಕಾರ್ಖಾನೆಗೆ ಬೀಗ. ಎಲ್ಲ ಚೀಲಗಳ ಮೂಲೆ ಮುಚ್ಚಿದವಳು ಯಂಕವ್ವ.

ತಪಾಸಣೆಗೆ ಬಂದ ಅಧಿಕಾರಿ ಲೋಕನಾಥ ಬೀದರಿನವರು. ರಾಶಿಯಿಂದ ಒಂದು ಚೀಲ ಎಳೆದು ತಡವುತ್ತಿದ್ದ ಅವರ ಹೆಬ್ಬೆರಳು ಮೂಲೆಯಲ್ಲಿ ನಿಂತಿತು. ಹೊಲಿಗೆ ಬಿಚ್ಚಿದರೆ ಅಂಗೈಗೆ ಐದು ಜೋಳ. ಮೂಲೆ ಹೊಲಿದ ಯಂಕವ್ವನನ್ನು ಕರೆಸಿದರು.

"ಇದೇನವ್ವಾ?"

"ಉಡಿರಿ ಸಾಹೇಬ್ರ. ಬರೀ ಉಡೀಲೆ ಮನಿಯಿಂದ ಕಳಸಬಾರ್ದಂತ ಹಾಕೀನಿ."

"ಕಾಳಿದ್ದಲ್ಲಿ ಇಲಿ ಬರ್ತಾವ. ಗೋದಾಮಿನ್ಯಾಗ ಚೀಲದ ಜೋಡಿ ಪ್ಯಾರಾಚೂಟನೂ ಕಡಿದ್ರ, ಅದನ್ನ ನಂಬಿ ವಿಮಾನದಿಂದ ಜಿಗಿಯೋ ಸಿಪಾಯಿ ಗತಿ ಏನು?" ಎಂದರು ಲೋಕನಾಥ. "ಎಷ್ಟು ಚೀಲದಾಗ ಹಾಕೀದಿ?"

ಅವರ ಬೆನ್ನ ಹಿಂದೆ ನಿಂತಿದ್ದ ಶಿವಪ್ರಕಾಶರು, ಒಂದೇ ಎನ್ನು ಎಂಬಂತೆ, ಮೆಲ್ಲಗೆ ಒಂದು ಬೆರಳು ಎತ್ತಿ ತೋರಿಸಿದರು. ಪಾಪ, ಕೆಟ್ಟ ಮನುಷ್ಯರೇನಲ್ಲ. ಕಚೇರಿಗಳಿಗೆ ಅಲೆದು ಮೂರು ವರ್ಷ ಚಪ್ಪಲಿ ಸವೆಸಿದವರು. ಯಂಕವ್ವ ಆ ಬೆರಳನ್ನು ನೋಡಿದಳು. ಜಿಗಿಯುವ ಸಿಪಾಯಿಯನ್ನು ನೆನೆದು ಅದರಿಂದ ಕಣ್ಣು ತೆಗೆದಳು.

"ನಾಲ್ವತ್ತರಾಗೂ ಅದಾವ್ರಿ," ಎಂದಳು.

ಪರೀಕ್ಷೆ ಒಂದು ತಿಂಗಳು ಮುಂದೆ ಹೋಯಿತು. ಶಿವಪ್ರಕಾಶರು ಅವಳ ಜೊತೆ ಮಾತು ಬಿಟ್ಟರು. ಯಂಕವ್ವ ಒಬ್ಬಳೇ ಕೂತು ನಲವತ್ತೂ ಮೂಲೆ ಬಿಚ್ಚಿ, ಕಾಳು ತೆಗೆದು, ಮತ್ತೆ ಹೊಲಿದಳು. ಕೆಲಸ ಹೋದಂತೆಯೇ ಎಂದುಕೊಂಡು, ಕಾರ್ಖಾನೆಯಲ್ಲೇ ಇಡುತ್ತಿದ್ದ ತನ್ನ ತಟ್ಟೆ, ಲೋಟಗಳನ್ನು ಮನೆಗೆ ಒಯ್ದಳು.

ಚೀಲಗಳು ಪಾಸಾದವು. ತಪಾಸಣೆಯ ಪಟ್ಟಿಗೆ ಲೋಕನಾಥ ಹೊಸದೊಂದು ಸಾಲು ಸೇರಿಸಿದ್ದರು: 'ಮೂಲೆಯಲ್ಲಿ ಕಾಳು ಇಲ್ಲ.' ಹೊರದೇಶದ ಯಾವ ಪಟ್ಟಿಯಲ್ಲೂ ಸಿಗದ, ಅಪ್ಪಟ ಸ್ವದೇಶಿ ಸಾಲು. ಅದರ ಮುಂದೆ ಯಾರು ಸಹಿ ಮಾಡಬೇಕು ಎಂದು ಶಿವಪ್ರಕಾಶರು ಕೇಳಿದರು.

"ನಾಲ್ವತ್ತು ಅಂದಾಕೀನ ಮಾಡ್ಲಿ," ಎಂದರು ಲೋಕನಾಥ.

ಈಗ ಯಂಕವ್ವ ಪ್ರತಿ ಚೀಲದ ಮೂಲೆ ಹಿಸುಕಿ ನೋಡಿ ಸಹಿ ಮಾಡುತ್ತಾಳೆ. ಬರೀ ಉಡಿಯಲ್ಲಿ ಕಳಿಸುತ್ತಿದ್ದೇನಲ್ಲ ಎಂಬ ಕೊರಗು ಮಾತ್ರ ಇನ್ನೂ ಹೋಗಿಲ್ಲ. ಲಾರಿ ಹೊರಡುವ ದಿನ ಐದು ಕಾಳು ಜೋಳವನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗೇಟಿನವರೆಗೂ ಹೋಗಿ ನಿಲ್ಲುತ್ತಾಳೆ.