ನಿಂತೇ ತಿನ್ನುತ್ತಿದ್ದವನು

ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಎರಡು ವರ್ಷ ಬಾಡಿಗೆಗಿದ್ದವನು ಬೇಸ್‌ಬಾಲ್ ಆಟಗಾರ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ಹತ್ತಿರದ ಸಣ್ಣ ತಂಡವೊಂದರಲ್ಲಿ ಮೈದಾನದ ತೀರಾ ಅಂಚಿಗೆ ನಿಂತು ಚೆಂಡು ಹಿಡಿಯುವುದು ಅವನ ಕೆಲಸ. ದೊಡ್ಡ ತಂಡದಿಂದ ಕರೆ ಬಂದರೆ ಅದೇ ದಿನ ಅಟ್ಲಾಂಟಾಕ್ಕೆ ಹೊರಡಬೇಕು. ಹಾಗಾಗಿ ಸೂಟ್‌ಕೇಸಿನಿಂದ ಬಟ್ಟೆ ತೆಗೆದಿಟ್ಟವನೇ ಅಲ್ಲ. ದೋಸೆಯನ್ನೂ ತುದಿಗಾಲಲ್ಲಿ ನಿಂತೇ ತಿನ್ನುತ್ತಿದ್ದ, ಕಣ್ಣು ಫೋನಿನ ಮೇಲೆ. ನೋಡಿ ನೋಡಿ ನನಗೆ ರೇಗುತ್ತಿತ್ತು.

“ಒಂದಿನ ಆದ್ರೂ ಕೂತ್ಕೊಂಡ್ ತಿನ್ನಪ್ಪಾ!”

“ಕೂತ್ರೆ ಲೇಟ್ ಆಗತ್ತೆ ಆಂಟಿ. ಬಾಲ್ ಯಾವಾಗ್ ಬರತ್ತೋ ಗೊತ್ತಿಲ್ಲ.”

ದಿನಾ ಅದೇ ಉತ್ತರ. ಆಟದಲ್ಲೂ ಹಾಗೇ ಅಂತೆ. ಗಂಟೆಗಟ್ಟಲೆ ಚೆಂಡು ಬರದಿದ್ದರೂ ಹಿಮ್ಮಡಿ ಊರುವಂತಿಲ್ಲ.

ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಅವನಿಗೆ ಫೋನ್ ಬಂತು. “ಓಕೆ ಕೋಚ್, ಥ್ಯಾಂಕ್ಯೂ” ಎಂದಷ್ಟೇ ಹೇಳಿ ಇಟ್ಟ.

“ಅಟ್ಲಾಂಟಾನಾ?” ಎಂದೆ.

“ಇಲ್ಲ ಆಂಟಿ. ಟೀಮಿಂದ ತೆಗೆದ್ರು.”

ಕುರ್ಚಿ ಎಳೆದು ಕೂತ. ಎರಡೂ ಹಿಮ್ಮಡಿ ನೆಲಕ್ಕೆ ಊರಿದ್ದವು.

“ಇನ್ನೊಂದು ದೋಸೆ ಹಾಕ್ತೀರಾ?”

ಹಾಕಿದೆ. ಎದ್ದು ನಿಂತ್ಕೊಳ್ಳಪ್ಪಾ ಎಂದು ರೇಗಬೇಕೆನಿಸಿತು.