ಕೊನೆಯ ಬಸ್ಸಿನ ಬ್ರೇಕಮ್ಮ

ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಸಂಬಳದ ಗುಮಾಸ್ತ ಒಬ್ಬನೇ. ಉಳಿದವರಿಗೆಲ್ಲ ಅವಳು ಬ್ರೇಕಮ್ಮ. ಬಸ್ಸು ಹೊರಟ ಮೇಲೆ ಯಾರಾದರೂ ಚೀಲ ಅವುಚಿಕೊಂಡು ಹಿಂದಿನಿಂದ ಓಡಿ ಬಂದರೆ ಬೇರೆ ಡ್ರೈವರುಗಳು ಕನ್ನಡಿಯಲ್ಲಿ ನೋಡಿಯೂ ನೋಡದವರ ಹಾಗೆ ಹೋಗಿಬಿಡುತ್ತಿದ್ದರು. ಇವಳು ಬ್ರೇಕು ಹಾಕುತ್ತಿದ್ದಳು. ಹಾಗಂತ ಕರುಣಾಮಯಿ ಏನಲ್ಲ. ಏದುಸಿರು ಬಿಡುತ್ತಾ ಹತ್ತಿದವರು ಕೃತಜ್ಞತೆ ಹೇಳಲು ಬಾಯಿ ತೆರೆದರೆ, "ಸಾಕು, ನಾಳೆಯಿಂದ ಬೇಗ ಏಳು" ಎಂದು ಗದರಿ ಗೇರು ಹಾಕುತ್ತಿದ್ದಳು.

ಬಸ್ಸು ತಡವಾಗಿ ಬಂದಿದ್ದಕ್ಕೆ ಮೇಲಿನವರು ಕೇಳಿದರೆ ಅವಳದು ಒಂದೇ ಉತ್ತರ. "ಓಡಿ ಬರೋರನ್ನ ಬಿಟ್ಟು ಹೋಗೋಕೆ ನನ್ನ ಕಾಲು ಒಪ್ಪಲ್ಲ ಸಾರ್. ಬೇಕಾದ್ರೆ ಕಾಲಿಗೇ ಮೆಮೊ ಕೊಡಿ."

ಅವಳು ಆ ಡಿಪೋಗೆ ಬಂದದ್ದು ಬಸ್ಸು ತೊಳೆಯುವವಳಾಗಿ. ಕೈಯಲ್ಲಿ ಬಕೆಟ್ಟು, ಕಾಲಲ್ಲಿ ರಬ್ಬರ್ ಬೂಟು. ಆಮೇಲೆ ಕಂಡಕ್ಟರಾದಳು. ಸ್ಟಿಯರಿಂಗ್ ಕೊಡಿ ಎಂದು ಕೇಳಿದಾಗ ಮಾತ್ರ ಅಧಿಕಾರಿಗಳಿಗೆ ಇದ್ದಕ್ಕಿದ್ದಂತೆ ಅವಳ ಆರೋಗ್ಯದ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿತು. ದೊಡ್ಡ ಗಾಡಿಯ ಕುಲುಕಾಟ ಹೆಂಗಸರ ಒಳಗಿನ ಅಂಗಾಂಗಗಳಿಗೆ ಆಗಿಬರುವುದಿಲ್ಲ ಎಂದರು.

"ಅದೇ ಬಸ್ಸಲ್ಲಿ ಟಿಕೆಟ್ ಹರೀತಾ ದಿನಾ ನಿಂತ್ಕೊಂಡೇ ಕುಲುಕಾಡ್ತೀನಲ್ಲ ಸಾರ್, ಆವಾಗ ಆ ಅಂಗಾಂಗಾನ ಮನೇಲಿ ಬಿಟ್ಟು ಬರ್ತೀನಾ?" ಎಂದು ಕೇಳಿದಳು. ಆ ಮಾತು ಗ್ಯಾರೇಜಿನ ಗೋಡೆ ದಾಟಿ ಊರಿಡೀ ಸುತ್ತಿತು. ಕೆಲಸ ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು ಚಳವಳಿಯಿಂದ. ಆಗ ಮುಷ್ಕರ ಮಾಡುವ ಹಾಗಿರಲಿಲ್ಲ, ಮಾಡಿದರೆ ಜೈಲು. ಸಂಘದವರು ಬೇರೆ ದಾರಿ ಹಿಡಿದರು. ಕೆಲಸ ನಿಲ್ಲಿಸಲಿಲ್ಲ, ನಿಯಮದ ಪ್ರಕಾರ ಮಾಡಿದರು, ಅಷ್ಟೇ. ಹೊರಡುವ ಮುಂಚೆ ಪ್ರತಿ ಟೈರನ್ನೂ ತಟ್ಟಿ ನೋಡಬೇಕು ಎಂದು ಬರೆದಿದೆಯೇ, ತಟ್ಟಿ ನೋಡಿದರು. ಪ್ರತಿ ನಿಲ್ದಾಣದಲ್ಲೂ ಪೂರ್ತಿ ನಿಂತು ಎರಡೂ ಕನ್ನಡಿ ನೋಡಿ ಬಾಗಿಲು ಹಾಕಬೇಕೇ, ಹಾಗೇ ಮಾಡಿದರು. ಒಂದು ವಾರ ಊರಿನ ಬಸ್ಸುಗಳೆಲ್ಲ ಬಸುರಿಯರಂತೆ ನಡೆದವು. ಯಾರನ್ನು ಹಿಡಿದು ಯಾವ ತಪ್ಪಿಗೆ ಒಳಗೆ ಹಾಕುವುದು? ಕೊನೆಗೆ ಆಡಳಿತದವರು ಕೂತು ಮಾತಾಡಿದರು. ಒಪ್ಪಿದ ಬೇಡಿಕೆಗಳಲ್ಲಿ ಕಟ್ಟಕಡೆಯದು ಅವಳ ಸ್ಟಿಯರಿಂಗ್. ಆ ವಾರ ಅವಳ ಜೊತೆ ಟೈರು ತಟ್ಟಿದ ಒಬ್ಬ ತೆಳ್ಳಗಿನ ಡ್ರೈವರು ಮುಂದೆ ಹೊಟ್ಟೆ ಬೆಳೆಸಿಕೊಂಡು ಅದೇ ಡಿಪೋದ ಮ್ಯಾನೇಜರ್ ಆದ.

ಅವಳ ಗಂಡ ಟೀವಿ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಟ್ಟೆ ಬಿಚ್ಚಿಸಿಕೊಂಡ ಟೀವಿಗಳ ನಡುವೆ ಒಂದು ಮಾತ್ರ ಸದಾ ಓಡುತ್ತಿರಬೇಕು, ಅದರಲ್ಲಿ ಯಾವುದಾದರೂ ಆಟ ಬರುತ್ತಿರಬೇಕು. ನಾಲ್ಕು ಹೆಜ್ಜೆ ಓಡಿದರೆ ಮಂಡಿ ಹಿಡಿದುಕೊಳ್ಳುವ ಆಸಾಮಿಗೆ ಒಲಿಂಪಿಕ್ಸಿನ ಚರಿತ್ರೆ ಮಾತ್ರ ಬಾಯಿಪಾಠ. ಊಟಕ್ಕೆ ಕೂತರೆ ಶುರು.

"ನಿಂಗೆ ಗೊತ್ತೇನೇ, ಮೊದಲನೇ ಸಲ ಗ್ರೀಸಲ್ಲಿ ನಡೆದಾಗ ಹೆಂಗಸರಿಗೆ ಪ್ರವೇಶಾನೇ ಇರ್ಲಿಲ್ಲ. ಒಬ್ಳು ಬಡವಿ ನಾನೂ ಮ್ಯಾರಥಾನ್ ಓಡ್ತೀನಿ ಅಂತ ಬಂದ್ಳಂತೆ. ಆಗಲ್ಲ ಅಂದ್ರು. ಮಾರನೇ ದಿನ ಒಬ್ಳೇ ಅಷ್ಟೂ ದೂರ ಓಡಿದ್ಳು. ಕ್ರೀಡಾಂಗಣದ ಬಾಗಿಲಿಗೆ ಬಂದ್ರೆ ಒಳಗೆ ಬಿಡ್ಲಿಲ್ಲ. ಕೊನೇ ಸುತ್ತನ್ನ ಆಚೆ ಕಡೆ ಓಡಿ ಮುಗಿಸಿದ್ಳಂತೆ."

"ಉಪ್ಪು ಕೊಡು ಈ ಕಡೆ," ಎನ್ನುತ್ತಿದ್ದಳು ಬ್ರೇಕಮ್ಮ.

"ಆಮೇಲೆ ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ ಎಂಟುನೂರು ಮೀಟರ್ ಓಡಿಸಿದ್ರು. ಮುಗಿಸಿದ ಮೇಲೆ ಕೆಲವರು ಸುಸ್ತಾಗಿ ನೆಲಕ್ಕೆ ಬಿದ್ರು. ಅಷ್ಟಕ್ಕೇ, ಹೆಂಗಸರ ದೇಹಕ್ಕೆ ಇದು ಆಗಿಬರಲ್ಲ ಅಂತ ತೆಗೆದೇಬಿಟ್ರು. ಮೂವತ್ತು ವರ್ಷಕ್ಕೂ ಮೇಲೆ ಇನ್ನೂರು ಮೀಟರಿಗಿಂತ ಉದ್ದ ಓಡೋ ಹಾಗೇ ಇರ್ಲಿಲ್ಲ."

"ಗಂಡಸರು ಬೀಳ್ತಾನೇ ಇರ್ಲಿಲ್ವಾ?"

"ಬಿದ್ರು! ಇದಕ್ಕೂ ಇಪ್ಪತ್ತು ವರ್ಷ ಮುಂಚೆ ಮ್ಯಾರಥಾನಲ್ಲಿ ಎಲ್ಲರಿಗಿಂತ ಮುಂದೆ ಬಂದೋನು ಗೆರೆ ಹತ್ರ ಮತ್ತೆ ಮತ್ತೆ ಬಿದ್ದ. ಅಧಿಕಾರಿಗಳು ಅಯ್ಯೋ ಪಾಪ ಅಂತ ಹಿಡಿದು ದಾಟಿಸಿದ್ರು. ಬೇರೆಯವರು ಮುಟ್ಟಿದ್ರು ಅಂತ ಪದಕ ಹೋಯ್ತು. ಅದಕ್ಕೇ ನೋಡು, ಎಂಬತ್ತನಾಲ್ಕರಲ್ಲಿ ಹೆಂಗಸರಿಗೆ ಮೊದಲನೇ ಸಲ ಮ್ಯಾರಥಾನ್ ಸಿಕ್ಕಾಗ ಒಬ್ಳು ವಾಲಾಡ್ಕೊಂಡು ಬಂದ್ಳು. ಡಾಕ್ಟ್ರು ಪಕ್ಕದಲ್ಲೇ ನಡೆದ್ರು, ಮುಟ್ಲಿಲ್ಲ. ಅವಳು ಮುಗಿಸಿದ್ಳು."

"ಊಟ ಮುಗಿಸ್ತೀಯಾ, ಅದಕ್ಕೂ ಡಾಕ್ಟ್ರು ಬರ್ಬೇಕಾ?"

ಹೀಗೆ ಕಿವಿಗೆ ಹಾಕಿಕೊಳ್ಳದವಳಂತೆ ಕೂತು ಎಲ್ಲವನ್ನೂ ಹಾಕಿಕೊಳ್ಳುತ್ತಿದ್ದಳು. ಮಾರನೆಯ ದಿನ ಅದೇ ಕಥೆ ಇನ್ನಷ್ಟು ಉಪ್ಪು ಖಾರ ಸೇರಿ ಡಿಪೋದ ಚಹಾದ ಮೇಜಿನ ಮೇಲೆ ಬರುತ್ತಿತ್ತು.

ಕೊನೆಗೊಮ್ಮೆ ಒಲಿಂಪಿಕ್ಸ್ ಅವರ ಊರಿಗೇ ಬಂತು. ಟೀವಿ ರಿಪೇರಿಯವನು ರಿಪೇರಿಗೆ ರಜೆ ಕೊಟ್ಟು ಟೀವಿಯ ಮುಂದೆ ಕೂತುಬಿಟ್ಟ. ಡಿಪೋದಿಂದ ಬಸ್ಸುಗಳು ಹೋದವು. ಆಟಗಾರರನ್ನು, ಅತಿಥಿಗಳನ್ನು ಕರೆದೊಯ್ಯುವ ಹೊಸ ಬಸ್ಸುಗಳು ಮೀಸೆ ತೀಡಿಕೊಂಡ ಹುಡುಗರ ಪಾಲಾದವು. ಬ್ರೇಕಮ್ಮನಿಗೆ ಸಿಕ್ಕಿದ್ದು ಹೆಂಗಸರ ಮ್ಯಾರಥಾನಿನ ಕೊನೆಯ ಬಸ್ಸು. ಓಟದ ಹಿಂದೆ ಗೊತ್ತು ಮಾಡಿದ ವೇಗದಲ್ಲಿ ಹೋಗಬೇಕು. ಬಸ್ಸಿನ ಮೂತಿಗಿಂತ ಹಿಂದೆ ಬಿದ್ದವರ ಓಟ ಅಲ್ಲಿಗೆ ಮುಗಿಯಿತು, ಅವರನ್ನು ಹತ್ತಿಸಿಕೊಳ್ಳಬೇಕು. ಬಸ್ಸು ದಾಟಿದ ಮೇಲೆ ಪೊಲೀಸರು ರಸ್ತೆ ತೆರೆಯುತ್ತಾರೆ.

ಮ್ಯಾನೇಜರ್ ಕೀಲಿ ಕೊಡುತ್ತಾ ಹೇಳಿದ. "ನೋಡಮ್ಮ, ನಿವೃತ್ತಿಗೆ ಇನ್ನು ಆರು ತಿಂಗಳು. ಮೇಲಿಂದ ಇನ್ನೊಂದು ದೂರು ಬಂದ್ರೆ ನಿನ್ನನ್ನ ಸಾಮಾನಿನ ಕೋಣೇಲಿ ಸ್ಪಾನರ್ ಹಂಚೋಕೆ ಕೂರಿಸ್ಬೇಕಾಗುತ್ತೆ. ನನ್ನ ಕೈಲಿಲ್ಲ. ಇವತ್ತೊಂದಿನ ಬ್ರೇಕು ಕಮ್ಮಿ ಮಾಡು."

ಆ ಕೋಣೆಗೆ ಕಿಟಕಿಯಿರಲಿಲ್ಲ. ಬೆನ್ನು ಹೋದವರನ್ನು, ಕುಡಿದು ಸಿಕ್ಕಿಬಿದ್ದವರನ್ನು ಅಲ್ಲಿಗೆ ಹಾಕುತ್ತಿದ್ದರು. ಸ್ಟಿಯರಿಂಗಿನಿಂದ ಎದ್ದೇ ಮನೆಗೆ ಹೋಗಬೇಕು ಎನ್ನುವುದು ಬ್ರೇಕಮ್ಮನಿಗೆ ಇದ್ದ ಒಂದೇ ಹಟ. "ಆಯ್ತು ಸಾರ್" ಎಂದಳು. ಮನಸ್ಸಿನಿಂದಲೇ ಎಂದಳು.

ಬಸ್ಸಿನಲ್ಲಿ ಅವಳ ಜೊತೆ ಕ್ರೀಡಾಕೂಟದ ಕಡೆಯಿಂದ ಒಬ್ಬ ಮೇಲ್ವಿಚಾರಕ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಚರ್ಮದ ಬೂಟು, ಕೈಯಲ್ಲಿ ಕರಕರ ಎನ್ನುವ ವಾಕಿಟಾಕಿ. ಅವಳು ಮನಸ್ಸಿನಲ್ಲೇ ಅವನಿಗೆ ಕರಕರ ಸಾಹೇಬ ಎಂದು ಹೆಸರಿಟ್ಟಳು. ಅರ್ಧ ದಾರಿ ಕಳೆಯುವ ಹೊತ್ತಿಗೆ ಬಸ್ಸಿನಲ್ಲಿ ಐದಾರು ಮಂದಿ ಓಟಗಾರ್ತಿಯರು ಕಂಬಳಿ ಹೊದ್ದು ಕೂತಿದ್ದರು. ಯಾರ ಭಾಷೆಯೂ ಯಾರಿಗೂ ಬಾರದು. ಒಬ್ಬಳು ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡಿದ್ದಳು, ಒಬ್ಬಳು ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದಳು. ಅವರೆಲ್ಲ ತಾವಾಗಿ ಕೈ ಎತ್ತಿ ಹತ್ತಿದವರು.

ನಲವತ್ತನೇ ಕಿಲೋಮೀಟರು ಹತ್ತಿರವಾದಾಗ ಬಸ್ಸಿನ ಮುಂದೆ ಕಾಣುತ್ತಿದ್ದವಳು ಒಬ್ಬಳೇ, ಹಸಿರು ಬನಿಯನ್ನಿನ ಹುಡುಗಿ. ಯಾವುದೋ ಸಣ್ಣ ದ್ವೀಪದವಳು, ಅವಳ ದೇಶದಿಂದ ಈ ಓಟಕ್ಕೆ ಬಂದವಳು ಅವಳೊಬ್ಬಳೇ ಎಂದ ಸಾಹೇಬ. ಒಂದು ಕಾಲು ಎಳೆದುಕೊಂಡು ಓಡುತ್ತಿದ್ದಳು. ಬಸ್ಸಿನ ಮೂತಿಗೂ ಅವಳ ಬೆನ್ನಿಗೂ ಕೈಯಳತೆಯ ದೂರ. ಎಷ್ಟೋ ವರ್ಷದಿಂದ ಬಸ್ಸಿನ ಹಿಂದೆ ಓಡುವವರನ್ನು ಕನ್ನಡಿಯಲ್ಲಿ ನೋಡಿದ್ದ ಬ್ರೇಕಮ್ಮ ಈಗ ಮೊದಲ ಸಲ ಬಸ್ಸಿನ ಮುಂದೆ ಓಡುವವಳನ್ನು ನೋಡುತ್ತಿದ್ದಳು. ಬನಿಯನ್ನಿನ ಬೆನ್ನಿನ ಮೇಲೆ ಬೆವರು ಒಣಗಿ ಉಪ್ಪು ಬಿಳಿಯಾಗಿ ಕಟ್ಟಿತ್ತು.

"ಪಕ್ಕಕ್ಕೆ ತಗೊಳ್ಳಿ. ದಾಟಿ ಮುಂದೆ ಹೋಗಿ ನಿಲ್ಲಿಸಿ, ಹತ್ತಿಸ್ಕೊಳ್ಳೋಣ," ಎಂದ ಸಾಹೇಬ. "ರಸ್ತೆ ತೆರೀಬೇಕು ಅಂತಿದ್ದಾರೆ."

"ಅವಳು ಕೈ ಎತ್ತಿಲ್ಲ ಸಾರ್."

"ಕೈ ಎತ್ತೋದು ಬಿಡೋದು ಅವಳಿಷ್ಟ ಅಲ್ಲಮ್ಮ. ವೇಗ ಹೆಚ್ಚಿಸಿ."

ಬ್ರೇಕಮ್ಮನ ಕಣ್ಣ ಮುಂದೆ ಕಿಟಕಿಯಿಲ್ಲದ ಕೋಣೆ ಬಂತು. ಕಾಲು ಎಕ್ಸಲರೇಟರಿನ ಮೇಲೆ ಹೋಯಿತು. ಅಷ್ಟರಲ್ಲಿ ಎಡಗಡೆ ಒಂದು ಬಸ್ ನಿಲ್ದಾಣ ಬಂತು. ದಿನವೂ ಅವಳು ನಿಲ್ಲುವ ನಿಲ್ದಾಣ, ಇವತ್ತು ಖಾಲಿ ಬೆಂಚು. ಕಾಲು ತನ್ನಷ್ಟಕ್ಕೆ ಪಕ್ಕದ ಪೆಡಲಿಗೆ ಜರುಗಿತು.

ಬಸ್ಸು ನಿಂತಿತು. ಅವಳು ಬಾಗಿಲು ತೆರೆದಳು. ಎಡಗನ್ನಡಿ ನೋಡಿದಳು. ಬಲಗನ್ನಡಿ ನೋಡಿದಳು. ಬಾಗಿಲು ಹಾಕಿದಳು. ಹಸಿರು ಬನಿಯನ್ನು ಒಂದಷ್ಟು ದೂರ ಹೋಗಿತ್ತು.

"ಏನಿದು?"

"ನಿಲ್ದಾಣ ಸಾರ್. ನಿಯಮ ಇದೆ, ಪೂರ್ತಿ ನಿಲ್ಲಿಸ್ಬೇಕು."

"ಇವತ್ತು ಯಾವ ಪ್ರಯಾಣಿಕರು ಇದ್ದಾರೆ ರೀ?"

"ಇಲ್ಲದೆ ಇದ್ರೆ ನಿಲ್ಲಬಾರದು ಅಂತ ಎಲ್ಲೂ ಬರೆದಿಲ್ಲ."

ಮುಂದಿನ ನಿಲ್ದಾಣದಲ್ಲೂ ಅದೇ ಆಯಿತು. ಸಾಹೇಬನ ಮುಖ ಕೆಂಪಗಾಯಿತು. "ಹಾಗಾದ್ರೆ ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದು ತೆರೆದ ಬಾಗಿಲಿನಿಂದ ಧುಮುಕಿ ಓಡಿದ. ನಲವತ್ತು ಕಿಲೋಮೀಟರಿನಷ್ಟು ಓಡಿ ಬಂದು ಕಾಲೆಳೆಯುತ್ತಿದ್ದವಳನ್ನು ಹಿಡಿಯುವುದು ಏನು ಮಹಾ ಎಂದುಕೊಂಡಿರಬೇಕು. ಮೊದಲು ಟೋಪಿ ಹಾರಿತು. ಆಮೇಲೆ ಅಂಗಿ ಪ್ಯಾಂಟಿನಿಂದ ಹೊರಬಂತು. ಹಸಿರು ಬನಿಯನ್ನು ಹಿಂದೆ ತಿರುಗಿಯೂ ನೋಡದೆ ಹೋಗುತ್ತಲೇ ಇತ್ತು. ಬಸ್ಸಿನೊಳಗೆ ಅಳುತ್ತಿದ್ದವಳು ಅಳು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದಳು. ಸಾಹೇಬ ಒಂದು ದೀಪದ ಕಂಬ ತಬ್ಬಿಕೊಂಡು ನಿಂತ. ಬಸ್ಸು ಅವನನ್ನು ದಾಟಿತು. ಆಗ ಅವನು ಚರ್ಮದ ಬೂಟಿನಲ್ಲಿ ಟಪಟಪ ಎನ್ನುತ್ತಾ, ಒಂದು ಕೈ ಮೇಲೆತ್ತಿ, ಬಸ್ಸಿನ ಹಿಂದೆ ಓಡಿ ಬಂದ.

ಬ್ರೇಕಮ್ಮ ಕನ್ನಡಿಯಲ್ಲಿ ನೋಡಿದಳು. ಬ್ರೇಕು ಹಾಕಿದಳು.

ಅವನು ಹತ್ತಿ ಮೆಟ್ಟಿಲ ಮೇಲೇ ಕುಸಿದು ಕೂತ. ಮಂಡಿಗೆ ಮಂಜುಗಡ್ಡೆ ಹಿಡಿದಿದ್ದವಳು ಅದನ್ನೇ ಅವನ ಕೈಗೆ ಕೊಟ್ಟಳು. ಬ್ರೇಕಮ್ಮ ನೀರಿನ ಬಾಟಲಿ ಹಿಂದಕ್ಕೆ ಚಾಚಿದಳು.

"ಇನ್ನೂ... ಓಡ್ತಾ ಇದ್ದಾಳಾ?"

"ಓಡ್ತಿದ್ದಾಳೆ."

"ಹೆಂಗೆ ಓಡ್ತಾರೆ ರೀ ಇವ್ರು?" ಎಂದ, ಯಾರನ್ನು ಕೇಳುತ್ತಿದ್ದೇನೆ ಎಂಬ ಪರಿವೆಯೂ ಇಲ್ಲದೆ.

ಕ್ರೀಡಾಂಗಣದ ಮುಂಚಿನದು ಕೋರಿಕೆಯ ನಿಲ್ದಾಣ. ಒಳಗಿನಿಂದ ಯಾರಾದರೂ ಗಂಟೆ ಒತ್ತಿದರೆ ಅಥವಾ ಹೊರಗೆ ಕೈ ತೋರಿಸಿದರೆ ಮಾತ್ರ ನಿಲ್ಲಬೇಕು. ಹುಡುಗಿ ಈಗ ವಾಲುತ್ತಿದ್ದಳು. ಬಸ್ಸಿನ ಮೂತಿ ಮತ್ತೆ ಅವಳ ಬೆನ್ನಿಗೆ ಬಂದಿತ್ತು. ಬ್ರೇಕಮ್ಮನ ಹತ್ತಿರ ನಿಯಮ ಮುಗಿದಿತ್ತು.

ಟಿಣ್ ಎಂದಿತು ಗಂಟೆ.

ಕನ್ನಡಿಯಲ್ಲಿ ನೋಡಿದರೆ ಮಂಡಿಯವಳು ಎದ್ದು ನಿಂತಿದ್ದಳು, ಬೆರಳು ಗುಂಡಿಯ ಮೇಲೆ. ಭಾಷೆ ಬಾರದಿದ್ದರೇನು, ಬಸ್ಸಿನ ಗುಂಡಿ ಎಲ್ಲ ದೇಶದಲ್ಲೂ ಇರುತ್ತದೆ. ಬಸ್ಸು ನಿಂತಿತು. ಆಕೆ ಕುಂಟುತ್ತಾ ಇಳಿದಳು, ಕಂಬಳಿ ಸರಿಮಾಡಿಕೊಂಡಳು, ಮತ್ತೆ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಒಬ್ಬೊಬ್ಬರೂ ರಾಣಿಯರ ಹಾಗೆ ನಿಧಾನ.

ವಾಕಿಟಾಕಿ ಅರಚಿತು. "ಬಸ್ಸು ಯಾಕೆ ನಿಂತಿದೆ?"

ಸಾಹೇಬ ಮುಂದೆ ನೋಡಿದ, ಹಿಂದೆ ನೋಡಿದ. "ಪ್ರಯಾಣಿಕರು ಇಳೀತಿದ್ದಾರೆ ಸಾರ್," ಎಂದ. ಸುಳ್ಳೇನೂ ಅಲ್ಲವಲ್ಲ.

ಹುಡುಗಿ ಕ್ರೀಡಾಂಗಣದ ಬಾಗಿಲು ಹೊಕ್ಕಳು. ಬಸ್ಸನ್ನು ಪಕ್ಕದ ಅಂಗಳಕ್ಕೆ ತಿರುಗಿಸಿದರು. ಕಂಬಳಿಯವರೆಲ್ಲ ಇಳಿದು ನೋಡಲು ಕುಂಟುತ್ತಾ ಓಡಿದರು, ಸಾಹೇಬನೂ ಓಡಿದ. ಬ್ರೇಕಮ್ಮ ಮಾತ್ರ ಸೀಟಿನಲ್ಲೇ ಕೂತಳು. ಕೆಲಸದ ಹೊತ್ತಿನಲ್ಲಿ ಚಾಲಕರು ಬಸ್ಸು ಬಿಟ್ಟು ಹೋಗಬಾರದು ಎಂದು ನಿಯಮವಿದೆ. ಇಷ್ಟು ಹೊತ್ತು ನಿಯಮದ ಬೆನ್ನೇರಿ ಬಂದವಳಿಗೆ ಈಗ ಇಳಿಯಲು ಮುಖವಿರಲಿಲ್ಲ. ಗೋಡೆಯಾಚೆ ಕಿವಿಯಿಟ್ಟಳು. ಅಲ್ಲಲ್ಲಿ ಒಂದಿಷ್ಟು ಚಪ್ಪಾಳೆ ಎದ್ದು, ತೇಲಿ, ನಿಂತುಹೋಯಿತು.

ಸಾಹೇಬ ಮರಳಿ ಬಂದ.

"ಮುಗಿಸಿದ್ಳಾ?"

"ಮುಗಿಸಿದ್ಳು."

"ಯಾರಾದ್ರೂ ಹೋಗಿ ಹಿಡ್ಕೊಂಡ್ರಾ ಮಧ್ಯದಲ್ಲಿ?"

"ಹಿಡ್ಕೊಳ್ಳೋಕೆ ಯಾರಿದ್ರು? ಅರ್ಧ ಜನ ಊಟಕ್ಕೆ ಹೋಗಿದ್ರು."

ಬ್ರೇಕಮ್ಮ ಸ್ಟಿಯರಿಂಗಿನ ಮೇಲಿದ್ದ ಕೈ ಎತ್ತಿ ಮೂಗು ಒರೆಸಿಕೊಂಡಳು. "ಧೂಳು," ಎಂದಳು, ಯಾರೂ ಕೇಳದೆ ಇದ್ದರೂ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕಾದಿದ್ದ. "ಮೊದಲು ಬಂದೋಳನ್ನ ಎಷ್ಟು ಸಲ ತೋರಿಸಿದ್ರು ಗೊತ್ತೇನೇ! ಕೊನೇಲಿ ಬಂದೋರನ್ನ ತೋರಿಸ್ಲೇ ಇಲ್ಲ, ಈಜಿನ ಕಡೆ ಹೋಗ್ಬಿಟ್ರು. ನೀನು ನೋಡಿರ್ತೀಯಲ್ಲ, ಯಾರು ಕೊನೇಲಿ ಬಂದಿದ್ದು?"

"ನಾನು," ಎಂದಳು ಬೂಟು ಬಿಚ್ಚುತ್ತಾ. "ಆ ಹುಡುಗಿ ನನಗಿಂತ ಮುಂದೆ ಇದ್ಳು."

ದೂರು ಬಂತು. ರಸ್ತೆ ತಡವಾಗಿ ತೆರೆದದ್ದಕ್ಕೆ ಯಾರದಾದರೂ ತಲೆ ಬೇಕಿತ್ತು. ಯಾವ ನಿಯಮ ಮುರಿದೆ ಹೇಳಿ ಎಂದು ಬ್ರೇಕಮ್ಮ ಕೇಳಿದಳು. ಟೈರು ತಟ್ಟಿದ ಆ ಹಳೆಯ ವಾರ ಮ್ಯಾನೇಜರಿಗೂ ನೆನಪಿತ್ತು. ಆದರೂ ಮೇಲಿನವರ ಮಾತು ಮೇಲಿನವರ ಮಾತೇ. ಅವಳು ಕಿಟಕಿಯಿಲ್ಲದ ಕೋಣೆಗೆ ಹೋದಳು.

ಹೋದವಳು ಸುಮ್ಮನೆ ಕೂರಲಿಲ್ಲ, ನಿಯಮದಂತೆ ಕೂತಳು. ಪ್ರತಿ ಸ್ಪಾನರನ್ನೂ ಕೊಡುವ ಮುಂಚೆ ಒರೆಸಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು, ಎಣ್ಣೆ ಸವರಿ ಕೊಟ್ಟಳು. ಬೆಳಕು ಅಂಗಳದಲ್ಲಿತ್ತು, ಆದ್ದರಿಂದ ಪ್ರತಿ ಸಲ ಅಂಗಳಕ್ಕೆ ಹೋಗಿ ಬಂದಳು. ಕೋಣೆಯ ಮುಂದೆ ಮೆಕ್ಯಾನಿಕ್‌ಗಳ ಸಾಲು ಗೇಟಿನವರೆಗೆ ಬೆಳೆಯಿತು. ಗ್ಯಾರೇಜಿನಲ್ಲಿ ಬಸ್ಸುಗಳು ಚಕ್ರ ಬಿಚ್ಚಿಸಿಕೊಂಡು ಸಾಲಾಗಿ ನಿಂತವು. ಮೆಕ್ಯಾನಿಕ್‌ಗಳು ಮ್ಯಾನೇಜರಿಗೆ ಮುತ್ತಿಗೆ ಹಾಕಿದರು. ಅವಳಿಗೆ ನ್ಯಾಯ ಕೊಡಿಸಲು ಬಂದವರೇನಲ್ಲ ಅವರು, ಅವಳಿಂದ ತಮ್ಮನ್ನು ಕಾಪಾಡಿ ಎನ್ನಲು ಬಂದವರು.

ಮ್ಯಾನೇಜರ್ ಸ್ವತಃ ಬಂದು ಮೇಜಿನ ಮೇಲೆ ಬಸ್ಸಿನ ಕೀಲಿ ಇಟ್ಟ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ.

"ಎದ್ದೇಳಮ್ಮ ತಾಯಿ. ಮೇಲಿನವರಿಗೆ ನಾನು ಏನೋ ಹೇಳ್ಕೋತೀನಿ. ನಿನ್ನ ಬಸ್ಸಿಗೆ ಹೋಗು."

ಬ್ರೇಕಮ್ಮ ಕೀಲಿಯನ್ನು ಕಣ್ಣ ಕೊನೆಯಲ್ಲಿ ನೋಡಿದಳು. ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಡಲಿಲ್ಲ.

"ಎರಡು ನಿಮಿಷ ಸಾರ್," ಎಂದಳು. "ಇದರ ಎಣ್ಣೆ ಒಂದು ಬಾಕಿ ಇದೆ."